ಎಂದೂ ನಿದ್ರಿಸದ ಸೂಜಿಗಲ್ಲು

ಸಂಸ್ಕೃತದಲ್ಲಿ ‘ಅಯಸ್’ ಎಂದರೆ ಕಬ್ಬಿಣ, ‘ಕಾಂತ’ ಎಂದರೆ ಪ್ರಿಯ. ಕಬ್ಬಿಣಕ್ಕೆ ಪ್ರಿಯವಾದ ಕಲ್ಲೇ ಅಯಸ್ಕಾಂತ. ನಮ್ಮ ಹಿರಿಯರು ಅದಕ್ಕೆ ಸೂಜಿಗಲ್ಲು ಎಂಬ ಅಚ್ಚಗನ್ನಡದ ಹೆಸರನ್ನಿಟ್ಟರು. ದರ್ಶನಶಾಸ್ತ್ರಗಳನ್ನು ಓದಿದವರಿಗೆ ಈ ಕಲ್ಲು ಹಳೆಯ ಪರಿಚಯ. ಸಾಂಖ್ಯರು ಪುರುಷ ಮತ್ತು ಪ್ರಕೃತಿಗಳ ಸಂಬಂಧವನ್ನು ವಿವರಿಸುವಾಗ ಇದನ್ನೇ ದೃಷ್ಟಾಂತವಾಗಿ ಹಿಡಿದರು; ಬ್ರಹ್ಮಸೂತ್ರಗಳಲ್ಲಿಯೂ ಈ ದೃಷ್ಟಾಂತದ ವಿಚಾರಣೆ ನಡೆದಿದೆ. ತಾನು ಅಲುಗದೆ, ಯಾವ ಪ್ರಯತ್ನವನ್ನೂ ಮಾಡದೆ, ಕೇವಲ ತನ್ನ ಸಾನ್ನಿಧ್ಯದಿಂದಲೇ ಕಬ್ಬಿಣವನ್ನು ಚಲಿಸುವಂತೆ ಮಾಡುವುದು ಸೂಜಿಗಲ್ಲಿನ ಸ್ವಭಾವ ಎಂಬುದು ಆ ದೃಷ್ಟಾಂತದ ತಿರುಳು. ಶಾಸ್ತ್ರಪಾಠದ ಈ ಹಳೆಯ ಮಾತು ಇಂದು ಆಸ್ಪತ್ರೆಯ ಬಾಗಿಲಲ್ಲಿ ನಮ್ಮ ಜೀವವನ್ನು ಕಾಪಾಡುವ ಮಾತಾಗಿ ಪರಿಣಮಿಸಿದೆ. ಅದು ಹೇಗೆಂಬುದನ್ನು ಈ ತಿಂಗಳು ವಿಚಾರಿಸೋಣ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಸೀಮೆಯ ಭಕ್ತರ ಮನೆಗಳಲ್ಲಿ ‘ಎಂ.ಆರ್.ಐ.’ ಎಂಬ ಹೆಸರು ಈಗ ಬಳಕೆಯ ಮಾತಾಗಿದೆ. ಬೆನ್ನುಹುರಿಯ ನೋವು, ಮೊಣಕಾಲಿನ ಪೆಟ್ಟು, ಪಾರ್ಶ್ವವಾಯು ಮೊದಲಾದವುಗಳಿಗೆ ವೈದ್ಯರು ಚೀಟಿ ಬರೆದುಕೊಡುತ್ತಾರೆ. ಮನೆಯವರು ಹಿರಿಯರನ್ನು ಕಲಬುರಗಿಗೋ, ಸೊಲ್ಲಾಪುರಕ್ಕೋ, ಹೈದರಾಬಾದಿಗೋ ಕರೆದುಕೊಂಡು ಹೋಗುತ್ತಾರೆ. ಅಲ್ಲಿಯ ಸಿಬ್ಬಂದಿ ಕೋಣೆಯ ಬಾಗಿಲಲ್ಲಿ ನಿಂತು, ಮೈಮೇಲಿರುವ ಲೋಹವನ್ನೆಲ್ಲ ತೆಗೆದಿಡಿ ಎನ್ನುತ್ತಾರೆ. ಗಡಿಯಾರವನ್ನು, ಉಂಗುರವನ್ನು ತೆಗೆಯಲು ಯಾರೂ ಹಿಂಜರಿಯುವುದಿಲ್ಲ. ಆದರೆ ದೀಕ್ಷೆಯಾದ ದಿನದಿಂದ ಎದೆಯನ್ನು ಅಗಲದ ಲಿಂಗದ ಕರಡಿಗೆಯನ್ನು, ಮದುವೆಯಾದ ದಿನದಿಂದ ಕೊರಳನ್ನು ಬಿಡದ ತಾಳಿಯನ್ನು ತೆಗೆಯಿರಿ ಎಂದಾಗ ಹಿರಿಯ ಜೀವಗಳು ತಡೆದು ನಿಲ್ಲುತ್ತವೆ. “ಇದು ಬೆಳ್ಳಿ, ಕಬ್ಬಿಣವಲ್ಲವಲ್ಲ; ಇದನ್ನೇಕೆ ತೆಗೆಯಬೇಕು ಬುದ್ಧಿ?” ಎಂಬ ಪ್ರಶ್ನೆ ಮಠಕ್ಕೆ ಬರುವವರ ಬಾಯಿಂದಲೂ ಕೇಳಿಬರುತ್ತದೆ. ಪ್ರಶ್ನೆ ನ್ಯಾಯವಾದದ್ದೇ ಆಗಿದೆ. ಅದಕ್ಕೆ ಸರಿಯಾದ ಉತ್ತರ ದೊರೆಯಬೇಕಾದರೆ ಆ ಕೋಣೆಯೊಳಗೆ ನಡೆಯುವುದೇನೆಂಬುದನ್ನು ಮೊದಲು ತಿಳಿಯಬೇಕು.

ನಮ್ಮ ದೇಹದ ಬಹುಪಾಲು ನೀರು. ನೀರಿನ ಒಂದೊಂದು ಅಣುವಿನಲ್ಲಿಯೂ ಎರಡೆರಡು ಜಲಜನಕದ ಪರಮಾಣುಗಳಿವೆ. ಆ ಪರಮಾಣುವಿನ ನಡುಬೀಜವು ತಾನೇ ಒಂದು ಅತಿಸೂಕ್ಷ್ಮವಾದ ಸೂಜಿಗಲ್ಲಿನಂತೆ ವರ್ತಿಸುತ್ತದೆ. ಸಾಮಾನ್ಯವಾಗಿ ಇವು ದಿಕ್ಕಿಗೊಂದರಂತೆ ಮುಖಮಾಡಿಕೊಂಡಿರುತ್ತವೆ. ಬಲವಾದ ಕಾಂತಕ್ಷೇತ್ರದೊಳಗೆ ದೇಹವನ್ನು ಇರಿಸಿದಾಗ ಅವುಗಳಲ್ಲಿ ಅಲ್ಪಭಾಗ ಆ ಕ್ಷೇತ್ರದ ದಿಕ್ಕಿಗೆ ಹೊಂದಿಕೊಂಡು, ಬುಗುರಿ ವಾಲಿ ಸುತ್ತುವಂತೆ ಸುತ್ತತೊಡಗುತ್ತವೆ. ಆ ಸುತ್ತಿನ ವೇಗಕ್ಕೆ ಸರಿಹೊಂದುವ ರೇಡಿಯೋ ಅಲೆಯನ್ನು ಹಾಯಿಸಿದರೆ ಅವು ವಾಲುತ್ತವೆ. ಅಲೆಯನ್ನು ನಿಲ್ಲಿಸಿದರೆ ಮತ್ತೆ ನೆಲೆಗೆ ಮರಳುತ್ತ ತಾವೇ ಒಂದು ಮೆಲುದನಿಯ ರೇಡಿಯೋ ಅಲೆಯನ್ನು ಹೊರಡಿಸುತ್ತವೆ. ಕೊಬ್ಬಿನಲ್ಲಿರುವ ಜಲಜನಕ ಒಂದು ಬಗೆಯಾಗಿ ಮರಳಿದರೆ, ಮಿದುಳಿನಲ್ಲಿರುವುದು ಇನ್ನೊಂದು ಬಗೆಯಾಗಿ ಮರಳುತ್ತದೆ. ಬಾವು ಬಂದ ಜಾಗದಲ್ಲಿರುವುದು ಮತ್ತೊಂದು ಬಗೆ. ಈ ಭೇದವನ್ನೇ ಗಣಕಯಂತ್ರ ಚಿತ್ರವಾಗಿ ಬರೆಯುತ್ತದೆ. ಕ್ಷ-ಕಿರಣವನ್ನು ಹಾಯಿಸದೆ ದೇಹದ ಒಳಗನ್ನು ಕಾಣುವ ಉಪಾಯ ಇದು.

ಈ ವಿದ್ಯೆಯ ಮೂಲತತ್ತ್ವವನ್ನು 1946ರಲ್ಲಿ ಅಮೆರಿಕದ ಬ್ಲಾಕ್ ಮತ್ತು ಪರ್ಸೆಲ್ ಎಂಬ ವಿಜ್ಞಾನಿಗಳು ಬೇರೆಬೇರೆಯಾಗಿ ಪ್ರಕಟಿಸಿದರು. 1952ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ಕನ್ನಡನಾಡಿನ ಓದುಗರು ಅಭಿಮಾನಪಡಬೇಕಾದ ಸಂಗತಿಯೂ ಒಂದಿದೆ. 1951ರಲ್ಲಿ, ಈ ವಿದ್ಯೆಯಿನ್ನೂ ಎಳವೆಯಲ್ಲಿದ್ದಾಗಲೇ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಅವರು ಹರಿಯುವ ದ್ರವವು ನಿಂತ ದ್ರವಕ್ಕಿಂತ ಭಿನ್ನವಾದ ಸಂಕೇತವನ್ನು ಕೊಡುತ್ತದೆಂದು ತೋರಿಸಿಕೊಟ್ಟರು. ರಕ್ತನಾಳಗಳಲ್ಲಿ ರಕ್ತ ಹರಿಯುವುದನ್ನು ಈ ಯಂತ್ರದಿಂದ ಕಾಣುವ ಇಂದಿನ ವಿಧಾನಕ್ಕೆ ಪೂರ್ವಸೂರಿಗಳಲ್ಲಿ ಅವರೊಬ್ಬರು. ಚಿತ್ರ ತೆಗೆಯುವ ಮಾರ್ಗವನ್ನು 1973ರಲ್ಲಿ ಲಾಟರ್‌ಬರ್ ಅವರು ತೋರಿಸಿದರು. ಅವರಿಗೂ ಇಂಗ್ಲೆಂಡಿನ ಮ್ಯಾನ್ಸ್‌ಫೀಲ್ಡ್ ಅವರಿಗೂ 2003ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಇನ್ನು ಆ ಸೂಜಿಗಲ್ಲಿನ ಬಲಕ್ಕೆ ಬರೋಣ. ನಮ್ಮ ಸೀಮೆಯಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 0.00004 ಟೆಸ್ಲಾ. ದಿಕ್ಸೂಚಿಯ ಮುಳ್ಳನ್ನು ಉತ್ತರಕ್ಕೆ ತಿರುಗಿಸಲು ಅಷ್ಟು ಸಾಕು. ಆಸ್ಪತ್ರೆಗಳಲ್ಲಿರುವ ಯಂತ್ರಗಳು ಸಾಮಾನ್ಯವಾಗಿ 1.5 ಟೆಸ್ಲಾ ಅಥವಾ 3 ಟೆಸ್ಲಾ ಬಲದವು. ಅಂದರೆ ಕಡಿಮೆಯದೆಂದರೂ ಭೂಮಿಯ ಬಲಕ್ಕಿಂತ 35,000 ಪಟ್ಟಿಗೂ ಹೆಚ್ಚು.

ವಾಡಿಯಲ್ಲಿಯೂ ಸೇಡಂ, ಮಳಖೇಡಗಳಲ್ಲಿಯೂ ಸಿಮೆಂಟ್ ಕಾರ್ಖಾನೆಗಳ ಕಾಯಕದಲ್ಲಿರುವವರಿಗೆ ದೊಡ್ಡ ಅಯಸ್ಕಾಂತ ಹೊಸ ವಸ್ತುವಲ್ಲ. ಸಿಮೆಂಟ್ ಕಾರ್ಖಾನೆಗಳಲ್ಲಿ ಕಚ್ಚಾ ಸಾಮಗ್ರಿ ಸಾಗುವ ಬೆಲ್ಟಿನ ಮೇಲುಗಡೆ ಅಯಸ್ಕಾಂತವನ್ನು ತೂಗುಹಾಕಿರುತ್ತಾರೆ. ಕಲ್ಲಿನ ನಡುವೆ ಸೇರಿಕೊಂಡ ಬೋಲ್ಟು, ಕಬ್ಬಿಣದ ತುಂಡುಗಳನ್ನು ಅದು ಮೇಲಕ್ಕೆಳೆದುಕೊಂಡು, ಮುಂದಿರುವ ಯಂತ್ರ ಮುರಿಯದಂತೆ ಕಾಯುತ್ತದೆ. ಅದು ವಿದ್ಯುತ್ತಿನಿಂದ ನಡೆಯುವ ಕಾಂತವಾದರೆ ಗುಂಡಿ ಒತ್ತಿ ನಿಲ್ಲಿಸಿದ ಕೂಡಲೇ ಹಿಡಿದದ್ದನ್ನೆಲ್ಲ ಕೆಳಗೆ ಬಿಡುತ್ತದೆ. ಇದನ್ನು ಕಂಡವರು ಆಸ್ಪತ್ರೆಯ ಯಂತ್ರವೂ ಹಾಗೆಯೇ ಇರಬೇಕೆಂದು ಭಾವಿಸುವುದು ಸಹಜ. ತಪ್ಪು ತಿಳಿವಳಿಕೆ ಹುಟ್ಟುವುದು ಇಲ್ಲಿಯೇ.

ಆಸ್ಪತ್ರೆಯ ಯಂತ್ರಗಳಲ್ಲಿ ಹೆಚ್ಚಿನವು ಅತಿವಾಹಕ ಕಾಂತದಿಂದ ನಡೆಯುತ್ತವೆ. ನಿಯೋಬಿಯಂ ಮತ್ತು ಟೈಟೇನಿಯಂ ಲೋಹಗಳನ್ನು ಬೆರೆಸಿದ ತಂತಿಯ ಸುರುಳಿಯನ್ನು ದ್ರವರೂಪದ ಹೀಲಿಯಂನಿಂದ ಸೊನ್ನೆಗಿಂತ 269 ಡಿಗ್ರಿ ಸೆಲ್ಸಿಯಸ್‌ನಷ್ಟು ಕೆಳಗಿನ ಶೈತ್ಯದಲ್ಲಿ ಇರಿಸಿರುತ್ತಾರೆ. ಅಂಥ ಶೈತ್ಯದಲ್ಲಿ ಕೆಲವು ಲೋಹಗಳು ವಿದ್ಯುತ್ತಿಗೆ ಲವಲೇಶವೂ ತಡೆಯೊಡ್ಡುವುದಿಲ್ಲವೆಂಬುದನ್ನು 1911ರಲ್ಲಿ ಹಾಲೆಂಡಿನ ಕಾಮರ್ಲಿಂಗ್ ಓನ್ಸ್ ಅವರು ಕಂಡುಹಿಡಿದರು. ಒಮ್ಮೆ ಆ ಸುರುಳಿಯಲ್ಲಿ ವಿದ್ಯುತ್ತನ್ನು ತುಂಬಿ ಎರಡು ತುದಿಗಳನ್ನು ಕೂಡಿಸಿಬಿಟ್ಟರೆ ಅದು ಹೊರಗಿನ ಸಹಾಯವಿಲ್ಲದೆ ವರ್ಷಗಟ್ಟಲೆ ಸುತ್ತುತ್ತಲೇ ಇರುತ್ತದೆ. ರಾತ್ರಿ ಬಾಗಿಲಿಗೆ ಬೀಗ ಹಾಕಿದಾಗಲೂ ಕಾಂತ ಇರುತ್ತದೆ. ಭಾನುವಾರದ ರಜೆಯಲ್ಲಿಯೂ ಇರುತ್ತದೆ. ಊರಿಗೆಲ್ಲ ಕರೆಂಟು ಹೋಗಿ ಕೋಣೆ ಕತ್ತಲಾದಾಗಲೂ ಇರುತ್ತದೆ. ತುರ್ತು ಸಂದರ್ಭದಲ್ಲಿ ಹೀಲಿಯಂ ಅನಿಲವನ್ನು ಹೊರಕ್ಕೆ ಬಿಟ್ಟು ಕಾಂತವನ್ನು ಆರಿಸುವ ಗುಂಡಿಯೊಂದಿದೆ. ಅದನ್ನು ಒತ್ತಿದರೆ ಮತ್ತೆ ಯಂತ್ರವನ್ನು ಸಿದ್ಧಗೊಳಿಸಲು ಬಹಳ ಕಾಲವೂ ಬಹಳ ಹಣವೂ ಬೇಕಾದ್ದರಿಂದ ನಿತ್ಯದ ಕೆಲಸದಲ್ಲಿ ಅದನ್ನು ಮುಟ್ಟುವವರಿಲ್ಲ.

ಯಂತ್ರದೊಳಗೆ ಮಲಗಿ ಬಂದವರೆಲ್ಲರೂ ಅದರ ಢಬಢಬ ಸದ್ದನ್ನು ನೆನೆಯುತ್ತಾರೆ. ಆ ಸದ್ದು ದೊಡ್ಡ ಕಾಂತದ್ದಲ್ಲ. ಚಿತ್ರದಲ್ಲಿ ಯಾವ ಬಿಂದು ಎಲ್ಲಿಯದೆಂಬುದನ್ನು ಗುರುತಿಸಲು ಒಳಗೆ ಬೇರೆ ಚಿಕ್ಕ ಸುರುಳಿಗಳಿವೆ; ಅವುಗಳಲ್ಲಿ ವಿದ್ಯುತ್ತನ್ನು ಕ್ಷಣಕ್ಷಣಕ್ಕೂ ಬದಲಿಸುವಾಗ ಅವು ಅದುರಿ ಹೊರಡಿಸುವ ಸದ್ದು ಅದು. ಪರೀಕ್ಷೆ ಮುಗಿದಾಗ ಸದ್ದು ನಿಲ್ಲುತ್ತದೆ, ಮಲಗುವ ಹಲಗೆ ಹೊರಗೆ ಬರುತ್ತದೆ, ಸಿಬ್ಬಂದಿ ಬಾಗಿಲು ತೆರೆಯುತ್ತಾರೆ. ಹೊರಗೆ ಕಾದಿದ್ದ ಮನೆಯವರು ಯಂತ್ರ ಬಂದಾಯಿತೆಂದು ತಿಳಿದು ಒಳಗೆ ಧಾವಿಸುತ್ತಾರೆ. ಮೌನವಾಗಿ ಕುಳಿತ ಆ ಯಂತ್ರದ ಸೆಳೆತ ಆಗಲೂ ಒಂದಿಷ್ಟೂ ತಗ್ಗಿರುವುದಿಲ್ಲ.

ಈ ಸೆಳೆತಕ್ಕೆ ಇನ್ನೊಂದು ಮೋಸದ ಗುಣವಿದೆ. ಕಾಂತದ ಬಲ ಎಲ್ಲಿ ಥಟ್ಟನೆ ಏರುತ್ತದೆಯೋ ಅಲ್ಲಿ ಕಬ್ಬಿಣದ ಮೇಲಿನ ಎಳೆತ ಅತ್ಯಧಿಕ. ಯಂತ್ರದ ಬಾಯಿಯ ಬಳಿ ಅದು ಹೀಗೆ ಏರುತ್ತದೆ. ಕೋಣೆಯ ಬಾಗಿಲಲ್ಲಿ ನಿಂತವನ ಕೈಯಲ್ಲಿರುವ ಕಬ್ಬಿಣಕ್ಕೆ ಏನೂ ಆದಂತೆ ತೋರುವುದಿಲ್ಲ. ನಾಲ್ಕು ಹೆಜ್ಜೆ ಮುಂದಿಟ್ಟರೆ ತುಸು ಎಳೆದಂತಾಗುತ್ತದೆ. ಇನ್ನೊಂದು ಹೆಜ್ಜೆಗೆ ಅದು ಕೈಯಿಂದ ಕಿತ್ತುಕೊಂಡು ಬಾಣದಂತೆ ಹಾರಿರುತ್ತದೆ. ವಸ್ತು ದೊಡ್ಡದಾಗಿದ್ದರೆ ಅದನ್ನು ಹಿಡಿದ ಮನುಷ್ಯನೂ ಅದರೊಡನೆ ಹೋಗುತ್ತಾನೆ.

ಇದು ಬರಿಯ ಊಹೆಯ ಮಾತಲ್ಲ. 2001ರ ಜುಲೈ ತಿಂಗಳಲ್ಲಿ ನ್ಯೂಯಾರ್ಕ್ ರಾಜ್ಯದ ಆಸ್ಪತ್ರೆಯೊಂದರಲ್ಲಿ ಪರೀಕ್ಷೆಗೆ ಮಲಗಿದ್ದ ಆರು ವರ್ಷದ ಬಾಲಕನಿಗೆ ಆಮ್ಲಜನಕ ಬೇಕಾಯಿತು. ಒಳಗೆ ತಂದ ಸಿಲಿಂಡರು ಹಾರಿ ಬಡಿದು ಆ ಮಗು ತೀರಿಕೊಂಡಿತು. 2014ರ ನವೆಂಬರಿನಲ್ಲಿ ನವಿ ಮುಂಬಯಿಯ ಕ್ಯಾನ್ಸರ್ ಸಂಶೋಧನ ಕೇಂದ್ರದಲ್ಲಿ ಸಿಲಿಂಡರಿನೊಡನೆ ಇಬ್ಬರು ಸಿಬ್ಬಂದಿ ಯಂತ್ರಕ್ಕೆ ಸಿಕ್ಕಿಕೊಂಡು ಗಂಟೆಗಟ್ಟಲೆ ಬಿಡಿಸಿಕೊಳ್ಳಲಾರದೆ ನರಳಿದರು. 2018ರ ಜನವರಿ 27ರಂದು ಮುಂಬಯಿಯ ನಾಯರ್ ಆಸ್ಪತ್ರೆಯಲ್ಲಿ, ಬಂಧುವೊಬ್ಬರ ಪರೀಕ್ಷೆಗೆ ಜೊತೆಯಾಗಿ ಬಂದಿದ್ದ 32 ವರ್ಷದ ಯುವಕ ಆಮ್ಲಜನಕದ ಸಿಲಿಂಡರು ಹಿಡಿದು ಒಳಗೆ ಹೋದಾಗ ಯಂತ್ರ ಅವನನ್ನೂ ಸಿಲಿಂಡರನ್ನೂ ಎಳೆದುಕೊಂಡಿತು. ಅವನು ಬದುಕಿ ಉಳಿಯಲಿಲ್ಲ. ಯಂತ್ರ ಬಂದಾಗಿದೆ ಎಂದು ತಮಗೆ ಹೇಳಲಾಗಿತ್ತೆಂದು ಮನೆಯವರು ದೂರಿದ್ದು ಆಗಿನ ಪತ್ರಿಕೆಗಳಲ್ಲಿ ಬಂದಿತು. 2025ರ ಜುಲೈನಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ, ಪರೀಕ್ಷೆ ಮುಗಿಸಿದ ಹೆಂಡತಿಯನ್ನು ಎಬ್ಬಿಸಲೆಂದು ಒಳಗೆ ಹೋದ 61 ವರ್ಷದ ಗೃಹಸ್ಥರ ಕೊರಳಲ್ಲಿ ವ್ಯಾಯಾಮಕ್ಕೆ ಧರಿಸುವ ಸುಮಾರು 9 ಕಿಲೋ ತೂಕದ ಸರಪಳಿಯಿತ್ತು. ಯಂತ್ರ ಆ ಸರಪಳಿಯನ್ನು ಹಿಡಿದು ಅವರನ್ನೆಳೆಯಿತು. ಮರುದಿನ ಅವರು ತೀರಿಕೊಂಡರು.

ಮುಂಬಯಿಯ ಯುವಕನಾಗಲಿ, ಲಾಂಗ್ ಐಲೆಂಡಿನ ಗೃಹಸ್ಥರಾಗಲಿ ರೋಗಿಗಳಾಗಿರಲಿಲ್ಲ. ತಮ್ಮವರಿಗೆ ನೆರವಾಗಲು ಹೋದವರು. ನಮ್ಮ ಕಡೆ ಒಬ್ಬ ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ಯಲು ನಾಲ್ವರು ಹೊರಡುವುದು ವಾಡಿಕೆ. ಅದು ನಮ್ಮ ಕುಟುಂಬಗಳ ಒಳ್ಳೆಯ ಗುಣ. ಆದರೆ ಆ ಬಾಗಿಲಿನ ನಿಯಮ ರೋಗಿಗೆ ಎಷ್ಟೋ ಜೊತೆಗೆ ಬಂದವರಿಗೂ ಅಷ್ಟೇ. ಕರೆಯದೆ ಒಳಗೆ ಕಾಲಿಡಬಾರದು. ಯಾರು ಹೇಳಿದರೂ ಸಿಲಿಂಡರು, ಗಾಲಿಕುರ್ಚಿ, ಸ್ಟ್ರೆಚರು, ಊರುಗೋಲುಗಳನ್ನು ನಾವಾಗಿ ಒಳಗೆ ತಳ್ಳಿಕೊಂಡು ಹೋಗಬಾರದು. ಆ ಕೋಣೆಗೆಂದೇ ಕಾಂತಕ್ಕೆ ಸಿಗದ ಲೋಹದಿಂದ ಮಾಡಿದ ಸಾಧನಗಳಿರುತ್ತವೆ. ಅವನ್ನು ಬಳಸುವುದು ಅಲ್ಲಿಯ ತರಬೇತಾದವರ ಕೆಲಸ.

ಈಗ ಬೆಳ್ಳಿಯ ಪ್ರಶ್ನೆ. ಕಬ್ಬಿಣ, ನಿಕ್ಕಲ್, ಕೋಬಾಲ್ಟ್ ಮತ್ತು ಇವುಗಳಿಂದಾದ ಬಹಳಷ್ಟು ಮಿಶ್ರಲೋಹಗಳನ್ನು ಕಾಂತ ಬಲವಾಗಿ ಸೆಳೆಯುತ್ತದೆ. ಚಿನ್ನ, ಬೆಳ್ಳಿ, ತಾಮ್ರ, ಅಲ್ಯುಮಿನಿಯಂ, ಟೈಟೇನಿಯಂಗಳನ್ನು ಹಾಗೆ ಎಳೆಯುವುದಿಲ್ಲ. ಸ್ಟೀಲಿನಲ್ಲಿ ಎರಡೂ ಬಗೆಯುಂಟು. ನೋಡಿದ ಮಾತ್ರಕ್ಕೆ ತಿಳಿಯದು. ಆದ್ದರಿಂದ ಬೆಳ್ಳಿಯ ಕರಡಿಗೆ ಹಾರಿಹೋಗುವುದಿಲ್ಲವೆಂಬ ಹಿರಿಯರ ತರ್ಕದಲ್ಲಿ ಸತ್ಯವಿದೆ. ಆದರೆ ಅದು ಅರ್ಧಸತ್ಯ. ಬೆಳ್ಳಿ ವಿದ್ಯುತ್ತನ್ನು ಅತ್ಯಂತ ಸುಲಭವಾಗಿ ಹರಿಯಗೊಡುವ ಲೋಹ. ರೇಡಿಯೋ ಅಲೆಗಳು ಹಾಯುವಾಗ ಸರಪಳಿ, ಬಳೆ, ಉಡದಾರಗಳಂಥ ಲೋಹದ ಉಂಗುರಾಕೃತಿಗಳಲ್ಲಿ ವಿದ್ಯುತ್ತು ಹುಟ್ಟಿ ಅವು ಕಾಯಬಹುದು. ಚರ್ಮ ಸುಟ್ಟ ಪ್ರಸಂಗಗಳಿವೆ. ಜರಿಯ ಸೀರೆಯನ್ನು ಬಿಡಿಸಿ ಆಸ್ಪತ್ರೆಯ ಬಟ್ಟೆಯನ್ನು ಉಡಿಸುವುದೂ ಇದಕ್ಕಾಗಿಯೇ. ಎದೆಯ ಮೇಲೆ ಲೋಹವಿದ್ದರೆ ಅಲ್ಲಿಯ ಚಿತ್ರವೂ ಕೆಟ್ಟುಹೋಗುತ್ತದೆ. ಯಾವುದನ್ನು ಕಾಣಲೆಂದು ಹಣ ಕೊಟ್ಟು ಬಂದೆವೋ ಅದೇ ಕಾಣದಂತಾಗುತ್ತದೆ. ಇಷ್ಟಲ್ಲದೆ, ಬೆಳ್ಳಿಯ ಕರಡಿಗೆಯ ಕೀಲಿನೊಳಗೆ ಉಕ್ಕಿನ ಕಡ್ಡಿ ಇದೆಯೇ ಇಲ್ಲವೇ ಎಂಬುದು ಅದನ್ನು ಮಾಡಿದ ಅಕ್ಕಸಾಲಿಗನಿಗೆ ಮಾತ್ರ ಗೊತ್ತು. ತಾಳಿ ಚಿನ್ನದ್ದಿರಬಹುದು, ಅದರ ಸರಕ್ಕೆ ನಮ್ಮ ತಾಯಂದಿರು ಸಿಕ್ಕಿಸಿಕೊಂಡಿರುವ ಎರಡು ಪಿನ್ನುಗಳು ಉಕ್ಕಿನವು. ಮುಡಿಯಲ್ಲಿ ಮರೆತ ಒಂದು ಹೇರ್‌ಪಿನ್ನು ಸಾಕು, ಅದು ಅಲ್ಲಿ ಸೂಜಿಯಾಗಿ ಹಾರುತ್ತದೆ.

ಭಕ್ತರ ಸಂಕೋಚಕ್ಕೆ ಶಾಸ್ತ್ರ ಓದಿದವನಾಗಿ ನನ್ನ ಉತ್ತರ ಇಷ್ಟು. ಕರಡಿಗೆ ಲಿಂಗದ ಮನೆ. ಮನೆ ಬದಲಾದ ಮಾತ್ರಕ್ಕೆ ಒಳಗಿರುವ ದೇವನು ಬದಲಾಗುವುದಿಲ್ಲ. ಪರೀಕ್ಷೆಗೆ ಹೊರಡುವ ದಿನ ಮನೆಯಲ್ಲಿಯೇ ಪೂಜೆ ಮುಗಿಸಿ, ಕರಡಿಗೆಯನ್ನು ತೆಗೆದಿಟ್ಟು, ಲಿಂಗವನ್ನು ಶುಭ್ರವಾದ ನೂಲಿನ ವಸ್ತ್ರದಲ್ಲಿ ಕಟ್ಟಿ ಧರಿಸಿಕೊಂಡು ಹೋಗಬಹುದು. ಅಲ್ಲಿಯ ಸಿಬ್ಬಂದಿಗೆ ಅದನ್ನು ಮರೆಮಾಚದೆ ತಿಳಿಸಬೇಕು. ಲಿಂಗದ ಮೇಲಿನ ಕಂತೆಯನ್ನು ಒಬ್ಬೊಬ್ಬರು ಒಂದೊಂದು ಬಗೆಯಾಗಿ ಮಾಡುತ್ತಾರೆ. ಅದರಲ್ಲಿ ಏನೇನು ಸೇರಿದೆಯೆಂಬುದು ಯಂತ್ರ ನಡೆಸುವವನಿಗೆ ತಿಳಿಯುವಂತಿಲ್ಲ. ಆದ್ದರಿಂದ ಬೇಡವೆಂದು ಅವನು ಹೇಳಿದರೆ ಅದು ಅನಾದರವಲ್ಲ, ಕಾಳಜಿ. ಆಗ ಜೊತೆಗೆ ಬಂದ ಮಗನ ಕೈಗೋ ಸೊಸೆಯ ಕೈಗೋ ಲಿಂಗವನ್ನು ಒಪ್ಪಿಸಿ, ಅವರನ್ನು ಹೊರಗೆ ಕೂಡಿಸಿ ಒಳಗೆ ಹೋಗಬೇಕು. ಆ ಅರ್ಧ ಗಂಟೆ, ಮುಕ್ಕಾಲು ಗಂಟೆಯ ಕಾಲ ಕಣ್ಣುಮುಚ್ಚಿ ಮನಸ್ಸಿನಲ್ಲಿಯೇ ಲಿಂಗವನ್ನು ನೆನೆಯುವವರಿಗೆ ಆ ಢಬಢಬ ಸದ್ದೂ ಹೆದರಿಕೆಯಾಗಲಾರದು. ತಾಯಂದಿರು ತಾಳಿಯ ಬದಲು ಅರಿಷಿಣದ ಕೊಂಬನ್ನು ದಾರಕ್ಕೆ ಕಟ್ಟಿಕೊಳ್ಳುವುದು ನಮ್ಮಲ್ಲಿ ಹಿಂದಿನಿಂದಲೂ ಇರುವ ಪರಿಹಾರ. ಸೆರಗಿನ ಮರೆಯಲ್ಲಿ ಮುಚ್ಚಿಟ್ಟುಕೊಂಡು ಹೋಗುವುದು ಮಾತ್ರ ಭಕ್ತಿಯೂ ಅಲ್ಲ, ವಿವೇಕವೂ ಅಲ್ಲ.

ತೆಗೆದಿಡಬಹುದಾದ ಲೋಹದ ಮಾತು ಹೀಗಾಯಿತು. ನಮ್ಮ ಸೀಮೆಯವರು ಇದಕ್ಕಿಂತ ಹೆಚ್ಚಾಗಿ ಯೋಚಿಸಬೇಕಾದದ್ದು ತೆಗೆದಿಡಲಾಗದ ಲೋಹವನ್ನು ಕುರಿತು. ಶಹಾಬಾದ, ಚಿತ್ತಾಪುರಗಳ ಕಲ್ಲಿನ ಗಣಿಗಳಲ್ಲಿ ಉಳಿಗೆ ಸುತ್ತಿಗೆಯಿಂದ ಹೊಡೆದು ಪರಸಿಗಲ್ಲು ಎಬ್ಬಿಸಿದ ಕೈಗಳೆಷ್ಟಿಲ್ಲ? ವಾಡಿ, ಸೇಡಂಗಳ ಕಾರ್ಖಾನೆಗಳಲ್ಲಿ, ಊರೂರಿನ ಕಮ್ಮಾರಸಾಲೆ ಮತ್ತು ವೆಲ್ಡಿಂಗ್ ಅಂಗಡಿಗಳಲ್ಲಿ, ಲೇತ್ ಯಂತ್ರದ ಮುಂದೆ ಕಣ್ಣಿಗೆ ಕನ್ನಡಕವಿಲ್ಲದೆ ದುಡಿದವರೆಷ್ಟಿಲ್ಲ? ಉಕ್ಕಿನ ಮೇಲೆ ಉಕ್ಕು ಬಡಿದಾಗ ಸಿಡಿಯುವ ಚೂರು ಸಾಸಿವೆಗಿಂತ ಚಿಕ್ಕದಾಗಿದ್ದರೂ ಕಣ್ಣುಗುಡ್ಡೆಯನ್ನು ಹೊಕ್ಕು ಕೂರಬಲ್ಲದು. ಆ ಕ್ಷಣ ಚುಚ್ಚಿದಂತಾಗಿ, ನೀರು ಹನಿದು, ನಾಲ್ಕು ದಿನಕ್ಕೆ ಮರೆತೂಹೋಗಬಹುದು. ಚೂರು ವರ್ಷಗಳ ಕಾಲ ಒಳಗೆ ಸುಮ್ಮನಿದ್ದೀತು. ಆ ಮನುಷ್ಯನನ್ನು ಬೆನ್ನುನೋವಿನ ಪರೀಕ್ಷೆಗೆಂದು ಈ ಯಂತ್ರದೊಳಗೆ ಮಲಗಿಸಿದಾಗ ಚೂರು ಕಾಂತದ ದಿಕ್ಕಿಗೆ ಹೊರಳುತ್ತದೆ, ಸರಿಯುತ್ತದೆ, ಹೊರಳುವ ದಾರಿಯಲ್ಲಿ ಕಣ್ಣಿನ ಒಳಪದರವನ್ನು ಸೀಳುತ್ತದೆ. ಹೀಗೆ ಒಬ್ಬ ರೋಗಿ ಒಂದು ಕಣ್ಣಿನ ದೃಷ್ಟಿಯನ್ನೇ ಕಳೆದುಕೊಂಡ ಪ್ರಕರಣವನ್ನು ಅಮೆರಿಕದ ವೈದ್ಯರು 1986ರಲ್ಲಿಯೇ ಪ್ರಕಟಿಸಿದ್ದಾರೆ. ಅಂದಿನಿಂದ “ಎಂದಾದರೂ ಕಣ್ಣಿಗೆ ಲೋಹದ ಚೂರು ಸಿಡಿದಿತ್ತೇ?” ಎಂದು ಕೇಳುವುದು ಈ ಪರೀಕ್ಷೆಯ ಮುಖ್ಯ ಪ್ರಶ್ನೆಗಳಲ್ಲಿ ಒಂದಾಗಿದೆ. ಹೌದೆಂದರೆ ಮೊದಲು ಕಣ್ಣಿನ ಭಾಗಕ್ಕೆ ಕ್ಷ-ಕಿರಣದ ಚಿತ್ರ ತೆಗೆದು ನೋಡುತ್ತಾರೆ. ಅಲ್ಪ ವೆಚ್ಚದ ಆ ಒಂದು ಚಿತ್ರ ಕಣ್ಣನ್ನು ಉಳಿಸುತ್ತದೆ.

ಆದರೆ ಕೇಳುವ ಪ್ರಶ್ನೆ ಅವಸರದಲ್ಲಿ ಬರುತ್ತದೆ, ಹಲವೊಮ್ಮೆ ಇಂಗ್ಲಿಷ್‌ನಲ್ಲಿ ಅಚ್ಚಾದ ಕಾಗದದ ಮೇಲೆ ಬರುತ್ತದೆ. ಹೈದರಾಬಾದಿನಲ್ಲಾದರೆ ತೆಲುಗಿನಲ್ಲಿ, ಸೊಲ್ಲಾಪುರದಲ್ಲಾದರೆ ಮರಾಠಿಯಲ್ಲಿ ಕೇಳುತ್ತಾರೆ. ಮನೆಯವರು ಎಲ್ಲಕ್ಕೂ ‘ಇಲ್ಲ’ ಎಂದು ಗೀಟು ಹಾಕಿ ಹಿರಿಯರ ಹೆಬ್ಬೆಟ್ಟು ಒತ್ತಿಸಿಬಿಡುತ್ತಾರೆ. ನಲವತ್ತು ವರ್ಷದ ಹಿಂದೆ ಗಣಿಯಲ್ಲಿ ನಡೆದದ್ದು ಮಕ್ಕಳಿಗೆ ಗೊತ್ತಿರುವುದಿಲ್ಲ. ತಂದೆಗೆ ಅದನ್ನು ಹೇಳಬೇಕೆಂದು ತೋಚುವುದಿಲ್ಲ. ಅಪಾಯ ಒಳಬರುವುದು ಈ ಎರಡು ಮೌನಗಳ ನಡುವಿನಿಂದ.

ಆದ್ದರಿಂದ ಪ್ರತಿ ಕುಟುಂಬಕ್ಕೂ ನನ್ನದೊಂದು ವಿನಂತಿ. ಇದೇ ವಾರ ಒಂದು ಸಂಜೆ ಮನೆಯ ಹಿರಿಯರ ಮುಂದೆ ಕುಳಿತು ಒಂದು ಹಾಳೆಯಲ್ಲಿ ಬರೆದಿಡಿ. ಕಣ್ಣಿಗೆ ಎಂದಾದರೂ ಲೋಹ ಸಿಡಿದಿತ್ತೇ? ಹೃದಯಕ್ಕೆ ಪೇಸ್‌ಮೇಕರ್ ಅಥವಾ ಸ್ಟೆಂಟ್ ಹಾಕಿದೆಯೇ, ಯಾವ ವರ್ಷ, ಯಾವ ಊರಿನಲ್ಲಿ? ಕೈಕಾಲು ಮುರಿದಾಗ ರಾಡು, ಪ್ಲೇಟು ಹಾಕಿದ್ದಾರೆಯೇ? ತಲೆಯ ರಕ್ತನಾಳಕ್ಕೆ ಕ್ಲಿಪ್ಪು ಹಾಕಿದೆಯೇ? ಕಿವಿಯೊಳಗೆ ಶ್ರವಣಸಾಧನ ಕೂಡಿಸಿದೆಯೇ? ಹೆಣ್ಣುಮಕ್ಕಳಿಗೆ ಕಾಪರ್-ಟಿ ಹಾಕಿದೆಯೇ? ಮೈಯಲ್ಲಿ ಗುಂಡಿನ ಚೂರು, ಮುರಿದ ಸೂಜಿ ಉಳಿದಿದೆಯೇ? ಇವುಗಳಲ್ಲಿ ಒಂದಿದ್ದ ಮಾತ್ರಕ್ಕೆ ಪರೀಕ್ಷೆ ಮಾಡಬಾರದೆಂದಿಲ್ಲ. ಟೈಟೇನಿಯಂನ ರಾಡುಗಳು, ಈಚಿನ ಸ್ಟೆಂಟುಗಳು ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ನಿಗದಿತ ನಿಯಮಗಳೊಡನೆ ಈ ಯಂತ್ರದೊಳಗೆ ಹೋಗಬಹುದಾದ ಪೇಸ್‌ಮೇಕರುಗಳೂ ಬಂದಿವೆ. ಹಳೆಯ ಪೇಸ್‌ಮೇಕರು, ಹಳೆಯ ಕ್ಲಿಪ್ಪುಗಳ ವಿಷಯ ಬೇರೆ. ಯಾವುದು ಯಾವುದೆಂದು ನಿರ್ಣಯಿಸುವವರು ವೈದ್ಯರು. ಅವರಿಗೆ ತಿಳಿಸಬೇಕಾದವರು ನಾವು. ಶಸ್ತ್ರಚಿಕಿತ್ಸೆಯ ಕಾಲಕ್ಕೆ ಆಸ್ಪತ್ರೆಯವರು ಕೊಟ್ಟ ಚೀಟಿಯನ್ನು, ಉಪಕರಣದ ಹೆಸರಿರುವ ಕಾರ್ಡನ್ನು ಹೊಲದ ಪಹಣಿಯಷ್ಟೇ ಜೋಪಾನವಾಗಿ ಇಟ್ಟುಕೊಳ್ಳಬೇಕು. ಮನೆಯಲ್ಲಿರುವ ಚಿಕ್ಕ ಅಯಸ್ಕಾಂತವನ್ನು ಹಿಡಿದು ನೋಡಿ ‘ಅಂಟಲಿಲ್ಲ, ಭಯವಿಲ್ಲ’ ಎಂದು ನಿಶ್ಚಯಿಸಬಾರದು. ಅದಕ್ಕೆ ಅಂಟದ್ದು ಅಲ್ಲಿ ಅಪಾಯ ತಾರದೆಂದು ಹೇಳಲು ಬರುವುದಿಲ್ಲ.

ಇಷ್ಟು ಓದಿ ಯಾರೂ ಈ ಪರೀಕ್ಷೆಗೆ ಅಂಜಿ ಹಿಂದೆ ಸರಿಯಬಾರದು. ನಿಯಮ ಪಾಲಿಸಿದವರಿಗೆ ಇದು ಸುರಕ್ಷಿತವಾದ ಪರೀಕ್ಷೆ. ಲಕ್ಷಾಂತರ ಜನ ಇದರಿಂದ ರೋಗದ ನೆಲೆಯನ್ನು ತಿಳಿದು ಗುಣಹೊಂದಿದ್ದಾರೆ. 2023ರಲ್ಲಿ ಬೆಂಗಳೂರಿನ ವೋಕ್ಸೆಲ್‌ಗ್ರಿಡ್ಸ್ ಸಂಸ್ಥೆ ಸಿದ್ಧಪಡಿಸಿದ 1.5 ಟೆಸ್ಲಾ ಬಲದ ಯಂತ್ರವನ್ನು ದೇಶದಲ್ಲಿಯೇ ರೂಪುಗೊಂಡ ಮೊದಲನೆಯದೆಂದು ಕೇಂದ್ರ ಸರ್ಕಾರ ಪ್ರಕಟಿಸಿತು. ಯಂತ್ರಗಳ ಬೆಲೆ ಇಳಿದಂತೆ ಅವು ನಮ್ಮ ತಾಲೂಕು ಕೇಂದ್ರಗಳಿಗೂ ಬರುವ ದಿನ ದೂರವಿರಲಾರದು. ಅವು ಬರುವ ಮೊದಲೇ ಅವುಗಳ ಸ್ವಭಾವದ ಅರಿವು ನಮ್ಮ ಮನೆಗಳಿಗೆ ಬರಲಿ. ಆ ಬಾಗಿಲಲ್ಲಿ ನಿಂತು ಕೇಳುವವನಿಗೆ ನಿಜವನ್ನು ಪೂರ್ತಿಯಾಗಿ ಹೇಳುವುದು, ಅವನು ತೆಗೆಯೆಂದದ್ದನ್ನು ತೆಗೆಯುವುದು, ಕರೆಯುವವರೆಗೆ ಹೊರಗೆ ಕಾಯುವುದು ಇಷ್ಟೇ ನಮ್ಮಿಂದಾಗಬೇಕಾದದ್ದು. ಉಳಿದುದನ್ನು ವೈದ್ಯರು ನೋಡಿಕೊಳ್ಳುತ್ತಾರೆ.